ದೊಡ್ಡ ಮೂಳೆ ಯಾರಿಗೆ

ನಮ್ಮ ದನದ ಸಂತೆಯ ಬೀದಿಯಲ್ಲಿ ಲಿಗಾಯಾಳ ಸಾರು ಕುಡಿಯದೆ ಮನೆಗೆ ಹೋಗುವ ದಲ್ಲಾಳಿ ಇಲ್ಲ. ನಮ್ಮ ಬತಾಂಗಾಸ್ ಸೀಮೆಯಲ್ಲಿ ಬುಲಾಲೊ ಎಂಬ ಈ ಮೂಳೆಸಾರು ಬೇಯಿಸುವ ಅಂಗಡಿಗಳಿಗೇನು ಬರಗಾಲವೇ? ಆದರೂ ಜನ ಬಿಸಿಲಲ್ಲಿ ಸಾಲು ನಿಲ್ಲುವುದು ಇಲ್ಲಿ ಮಾತ್ರ. ಬೋರ್ಡಿನ ಮೇಲಿರುವುದು ಅವಳಪ್ಪ ಮಾಂಗ್ ತೆಬಾನ್ ಹೆಸರು. ಬೆಳಕು ಹರಿಯುವ ಮೊದಲೇ ಎದ್ದು ಹಸುವಿನ ಕಾಲುಮೂಳೆ ಕುದಿಯಲಿಟ್ಟು, ನೊರೆ ತೆಗೆಯುತ್ತ ನಿಲ್ಲುವವಳು ಮಗಳು. ಪಕ್ಕದಲ್ಲೇ ತರಕಾರಿ ಅಂಗಡಿ ಇಟ್ಟುಕೊಂಡ ನಾನು, ಬೇಬಾಂಗ್, ಆ ಪಾತ್ರೆಗೆ ಎಲೆಕೋಸು, ಮುಸುಕಿನ ಜೋಳ, ಬಾಳೆಕಾಯಿ ಕೊಡುತ್ತ ಮುದುಕಿಯಾದೆ. ಆದ್ದರಿಂದ ಆ ಮನೆಯ ಕಥೆ ಹೇಳುವ ಹಕ್ಕು ನನಗಿದೆ ಎಂದೇ ನಾನು ತಿಳಿದಿದ್ದೇನೆ.

ಭಾನುವಾರ ಅಂಗಡಿಗೆ ರಜೆ. ಆವತ್ತು ಮನೆಯವರಿಗೇ ಸಾರು. ಬಡಿಸುವುದರಲ್ಲೂ ಒಂದು ಕ್ರಮವಿತ್ತು. ಮಜ್ಜೆ ತುಂಬಿದ ಎಲ್ಲಕ್ಕಿಂತ ದೊಡ್ಡ ನಲ್ಲಿ ಮೂಳೆ ಮಾಂಗ್ ತೆಬಾನ್‌ಗೆ. ಅದರ ನಂತರದ್ದು ಮಗ ರೋಮುಲೊಗೆ. ಆಮೇಲೆ ಸೊಸೆ ವಿಲ್ಮಾ, ಮೊಮ್ಮಗಳು ಲೈರಾ. ಲಿಗಾಯಾ ಒಲೆಯ ಬಳಿ ನಿಂತೇ ಇರುತ್ತಿದ್ದಳು, ಎಲ್ಲರದೂ ಮುಗಿದ ಮೇಲೆ ಅವಳಿಗೆ ಪಾತ್ರೆಯ ತಳದ ಸಾರು, ಎರಡು ಎಸಳು ಕೋಸು. ಅವಳಿಗೂ ಒಂದು ಮೂಳೆ ಹಾಕಿ ಎಂದು ಆ ಮನೆಯಲ್ಲಿ ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮುದುಕನಿಗೆ ಕಣ್ಣಲ್ಲಿ ಪೊರೆ ಬಂದು ಈಗ ಬೆಳಕು ನೆರಳು ಮಾತ್ರ ಕಾಣುತ್ತದೆ. ಬಾಯಿಚಪಲಕ್ಕೆ ಯಾವ ಪೊರೆಯೂ ಬಂದಿಲ್ಲ. ಮೂಳೆಯನ್ನು ತಟ್ಟೆಗೆ ಟಕ್ ಟಕ್ ಎಂದು ಕುಟ್ಟಿ, ಮಜ್ಜೆ ಅನ್ನದ ಮೇಲೆ ಬಿದ್ದ ಸದ್ದು ಕೇಳಿದ ಮೇಲೇ ಅವನ ಮುಖ ಅರಳುವುದು. ಅಂಥ ಒಂದು ಭಾನುವಾರ, ಮೀನಿನ ಉಪ್ಪುರಸಕ್ಕೆ ಪುಟ್ಟ ನಿಂಬೆ ಹಿಂಡುತ್ತಿದ್ದ ಲೈರಾ ತಲೆ ಎತ್ತದೆ ಹೇಳಿದಳು.

“ಅಜ್ಜ, ಮಾರ್ವಿನ್ ಮನೆಯವರು ಬರ್ತಾರಂತೆ. ಹೆಣ್ಣು ಕೇಳೋಕೆ.”

“ಯಾವ ಮಾರ್ವಿನ್?” ಎಂದ ರೋಮುಲೊ.

“ನಿಮಗೆ ಗೊತ್ತಿಲ್ದೇ ಏನಪ್ಪಾ. ಮೋಟರ್ ರಿಪೇರಿ ಅಂಗಡಿ ಇಟ್ಟಿರೋನು. ಕೆಳಗಿನ ಊರಿನವರು. ಅವರಪ್ಪ ಮೊದಲು ದನದ ಲಾರಿ ಓಡಿಸ್ತಿದ್ರಂತೆ. ಅಬ್ನೆರ್ ಅಂತ ಹೆಸರು.”

ಟಕ್ ಟಕ್ ನಿಂತಿತು. ವಿಲ್ಮಾ ಶಿಲುಬೆಯ ಗುರುತು ಮಾಡಿಕೊಂಡಳು. ಲಿಗಾಯಾ ಪಾತ್ರೆಯ ಮುಚ್ಚಳ ತೆಗೆದು, ಒಳಗೆ ಏನೂ ಇಲ್ಲದಿದ್ದರೂ ಸೌಟು ಆಡಿಸುತ್ತ ನಿಂತಳು.

ಲೈರಾ ಹುಟ್ಟುವ ಮೊದಲಿನ ಮಾತು ಅದು. ಇದೇ ಅಬ್ನೆರ್ ಲಿಗಾಯಾಳನ್ನು ಕೇಳಿಕೊಂಡು ಇದೇ ಮನೆಗೆ ಬಂದಿದ್ದ. ಅಪ್ಪ ಅಮ್ಮ, ದೊಡ್ಡಪ್ಪಂದಿರು, ಬಾಳೆಎಲೆ ಹಾಸಿದ ಬುಟ್ಟಿಯಲ್ಲಿ ಅಕ್ಕಿ ಸಿಹಿ, ಎಲ್ಲ ಶಾಸ್ತ್ರದ ಪ್ರಕಾರವೇ. ಲಿಗಾಯಾ ಸಾರು ಬೇಯಿಸಿದ್ದಳು. ಉಣ್ಣಲು ಕೂತರು. ಇನ್ನೇನು ಮಾತಿಗೆ ಕೂರಬೇಕು, ಅಷ್ಟರಲ್ಲಿ ಎದ್ದು ಹೋದರು. ಹೋದವರು ಮತ್ತೆ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅಬ್ನೆರ್ ಹೊಲಿಗೆಯ ಲುಮಿಂಗ್‌ಳನ್ನು ಕಟ್ಟಿಕೊಂಡ. ಬೀದಿಯ ಬಾಯಿಗೆ ಬೀಗ ಉಂಟೇ? ಹುಡುಗಿಯಲ್ಲಿ ಏನೋ ಐಬಿರಬೇಕು ಎಂದರು. ಲಿಗಾಯಾ ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಕೇಳಲು ಬಂದ ಇನ್ನಿಬ್ಬರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. ಸಿಟ್ಟನ್ನು ಮಾತ್ರ ಮಗುವಿನಂತೆ ಸಾಕಿಕೊಂಡಳು. ನನ್ನ ಪ್ರಕಾರ ಆ ಸಿಟ್ಟೇ ಅವಳನ್ನು ದಿನಾ ಎಬ್ಬಿಸಿ ಒಲೆ ಹಚ್ಚಿಸುತ್ತಿತ್ತು.

ಆ ವಾರ ಮನೆಯಲ್ಲಿ ಪಾತ್ರೆಗಿಂತ ಮಾತೇ ಹೆಚ್ಚು ಕುದಿಯಿತು.

“ಬೇರೆ ಗಂಡೇ ಸಿಗಲಿಲ್ವಾ ನಿನ್ನ ಮಗಳಿಗೆ?” ರೋಮುಲೊ ಹೆಂಡತಿಯ ಮೇಲೆ ಎಗರಿದ. “ನನ್ನ ತಂಗಿ ಮುಖಕ್ಕೆ ಮಸಿ ಬಳಿದವನ ಮನೆಗೇ ಹೋಗಬೇಕಾ?”

“ನಿಮ್ಮ ತಂಗಿ ಮುಖದ ಮಸಿ ತೊಳೆಯೋಕೆ ನನ್ನ ಮಗಳ ಬಾಳು ಯಾಕ್ರೀ ಹಾಳು ಮಾಡ್ಲಿ? ಹುಡುಗ ದುಡೀತಾನೆ, ಕುಡಿಯಲ್ಲ. ಇನ್ನೇನು ಬೇಕು?”

ಮುದುಕನದು ಬೇರೆಯೇ ರಾಗ. “ಹುಡುಗಿ ಹೋದ್ರೆ ಗಲ್ಲಾದಲ್ಲಿ ಕೂರೋರು ಯಾರು? ಲಿಗಾಯಾಗೆ ಮೊಣಕಾಲು ನೋವು ಶುರುವಾಗಿದೆ. ಈ ಮಗು ಈಗಷ್ಟೇ ಪಾತ್ರೆ ಹಿಡಿಯೋದು ಕಲೀತಿದೆ.”

“ನನ್ನ ಮಗಳು ನಿಮ್ಮ ಪಾತ್ರೆ ಹಿಡಿಯೋಕೆ ಹುಟ್ಟಿಲ್ಲ, ಮಾವ.”

“ನೋಡು ರೋಮುಲೊ, ನಿನ್ನ ಹೆಂಡತಿ ನಾಲಿಗೆ. ಈ ಮನೇಲಿ ಉಂಡಿದ್ದೆಲ್ಲ ಆ ಪಾತ್ರೆಯಿಂದಲೇ.”

“ಉಂಡಿದ್ದೇವೆ. ದೊಡ್ಡ ಮೂಳೆ ಯಾರು ಉಂಡಿದ್ದು ಅಂತಲೂ ಗೊತ್ತಿದೆ,” ಎಂದಳು ವಿಲ್ಮಾ. ಮುದುಕ ಊರುಗೋಲು ಕುಟ್ಟಿದ. ರೋಮುಲೊ ಹೆಂಡತಿಗೆ ಬಾಯಿ ಮುಚ್ಚು ಎಂದ. ಆಗ ಬಟ್ಟಲು ತೊಳೆಯುತ್ತಿದ್ದ ಲಿಗಾಯಾ ಕೈ ಒರೆಸಿಕೊಂಡು ಬಂದಳು.

“ಬರಲಿ,” ಎಂದಳು. “ಯಾಕೆ ಕಿತ್ತಾಡ್ತೀರಿ? ಬರಲಿ. ಸಾರು ನಾನೇ ಮಾಡ್ತೀನಿ.”

ಲೈರಾ ಓಡಿ ಬಂದು ಅವಳ ಕೊರಳಿಗೆ ಜೋತುಬಿದ್ದಳು. ಪಾಪದ ಹುಡುಗಿ. ಅತ್ತೆಯ ಮುಖ ನೋಡಿದ್ದರೆ ಹಾಗೆ ಜೋತುಬೀಳುತ್ತಿರಲಿಲ್ಲ.

ಮರುದಿನ ಜೋಳದ ಸಿಪ್ಪೆ ಸುಲಿಯಲು ನನ್ನ ಅಂಗಡಿಗೆ ಬಂದ ಲಿಗಾಯಾ ತಾನಾಗಿಯೇ ಬಾಯಿ ಬಿಟ್ಟಳು. “ಬೇಬಾಂಗಕ್ಕ, ಉಪ್ಪು ಸುರಿದುಬಿಡ್ಲಾ?”

“ನಿನ್ನ ಕೈರುಚಿ ಕೆಟ್ಟಿತು ಅಂತಾರೆ ಅಷ್ಟೇ.”

“ಹೌದು. ಅವನಿಗೋಸ್ಕರ ನನ್ನ ಸಾರು ಯಾಕೆ ಕೆಡಿಸ್ಕೊಳ್ಳಲಿ.” ಸುಲಿದ ಜೋಳದ ತೆನೆಯನ್ನು ಪಟ್ಟೆಂದು ಮುರಿದಳು. “ಏನಾದರೂ ಮಾಡಬೇಕು. ಅವನ ಹೆಂಡತಿ ಎದುರಿಗೆ, ಮಗನ ಎದುರಿಗೆ. ಬೀದಿ ನಗಬೇಕು. ಎದ್ದು ಹೋಗೋವಾಗ ಅವನ ಬೆನ್ನು ನಾನು ನೋಡಬೇಕು, ಈ ಸಲ ಓಡಿಸಿದ್ದು ನಾನು ಅಂತ ಅವನಿಗೆ ಗೊತ್ತಿರಬೇಕು.”

ದಾರಿ ತೋರಿಸಿದವನು ಮುದುಕ. ಅಂಗಳದಲ್ಲಿ ಬಿಸಿಲಿಗೆ ಕೂತಿದ್ದವನು ನಮ್ಮ ಮಾತು ಕೇಳಿಸಿಕೊಂಡಿದ್ದ. ಕಣ್ಣು ಹೋದವರ ಕಿವಿ, ಕೇಳಬೇಕೆ?

“ಟೊಳ್ಳು ಮೂಳೆ ಹಾಕು,” ಎಂದ.

“ಏನಪ್ಪಾ?”

“ಮಜ್ಜೆ ತೆಗೆದು ಮೂಳೆ ಹಾಕು. ನೀನು ಒಂದು ಮಾತೂ ಆಡಬೇಕಾಗಿಲ್ಲ. ಅವನಿಗೆ ಅರ್ಥ ಆಗ್ತದೆ.”

ನಮ್ಮ ಬೀದಿಯಲ್ಲಿ ಅದರ ಅರ್ಥ ಯಾರಿಗೆ ಗೊತ್ತಿಲ್ಲ? ಬಂದ ನೆಂಟನಿಗೆ ಟೊಳ್ಳು ಮೂಳೆ ಬಡಿಸಿದರೆ, ಎದ್ದು ನಡಿ, ಇಲ್ಲಿ ನಿನಗೇನೂ ಇಲ್ಲ ಎಂದಂತೆ. ಹೇಳಿಕೊಂಡು ನಗುವವರೇ ಎಲ್ಲ, ಮಾಡಿದವರನ್ನು ನಾನು ಕಂಡಿರಲಿಲ್ಲ. ಮನೆಗೆ ಬಂದವರ ಬಟ್ಟಲಿಗೆ ಕೈ ಹಾಕುವುದೆಂದರೆ ಸಣ್ಣ ಪಾಪವೇ?

“ಆ ಹುಡುಗಿ ಗತಿ ಏನೇ?” ಎಂದೆ ನಾನು.

“ನನ್ನ ಗತಿ ಏನು ಅಂತ ಯಾರು ಕೇಳಿದ್ರು?” ಎಂದಳು ಲಿಗಾಯಾ. ಅಪ್ಪನ ಕಡೆ ತಿರುಗಿ, ಎಂದೂ ಇಲ್ಲದ ಪ್ರೀತಿಯಿಂದ ಅವನ ಹೆಗಲ ಮೇಲಿನ ಟವೆಲು ಸರಿ ಮಾಡಿದಳು. ಇಷ್ಟು ವರ್ಷಕ್ಕೆ ಅಪ್ಪನಾದರೂ ತನ್ನ ಪಕ್ಷಕ್ಕೆ ಬಂದನಲ್ಲ ಎಂಬ ಸಮಾಧಾನ ಅವಳಿಗೆ.

ಮುಂದಿನ ದಿನಗಳಲ್ಲಿ ವಿಲ್ಮಾ ಕಿಟಕಿಗೆ ಹೊಸ ಪರದೆ ಕಟ್ಟಿದಳು, ನನ್ನ ಮನೆಯ ಪಿಂಗಾಣಿ ಬಟ್ಟಲುಗಳನ್ನು ಕೇಳಿ ಒಯ್ದಳು. ರೋಮುಲೊ ಮುಖ ಊದಿಸಿಕೊಂಡೇ ಬೇಲಿಗೆ ಸುಣ್ಣ ಹೊಡೆದ. ಲೈರಾ ಹಸಿರು ಬಣ್ಣದ ರವಿಕೆಯೊಂದನ್ನು ತಂದು ಅತ್ತೆಯ ಮೈಗೆ ಹಿಡಿದು ನೋಡಿದಳು.

“ಅತ್ತೆ, ಅವತ್ತು ಇದನ್ನ ಹಾಕ್ಕೊಳ್ಳಿ. ನನ್ನ ಪಕ್ಕದಲ್ಲೇ ಕೂತ್ಕೋಬೇಕು.”

“ನಾನು ಕೂತ್ರೆ ಬಡಿಸೋರು ಯಾರು?”

“ಅಪ್ಪ ಬಡಿಸ್ಲಿ. ಅವರ ಕೈ ಸವೆಯುತ್ತಾ?”

ಲಿಗಾಯಾ ನಕ್ಕಳು. ಆ ನಗು ಬಂದದ್ದೇ ತಪ್ಪಾಯಿತೆಂಬಂತೆ ತಕ್ಷಣ ಸಿಡುಕಿದಳು. “ಹೋಗು, ಈರುಳ್ಳಿ ಹೆಚ್ಚು.” ಮನಸ್ಸು ಸ್ವಲ್ಪ ಮೆತ್ತಗಾಗಿತ್ತು ಅಂತ ನನಗನಿಸಿತು. ಆದರೆ ಮಾಂಸದ ಕಟ್ಟೆಗೆ ಹೋದಾಗ ಅವಳು ಆರಿಸಿದ ಮೂಳೆ ನೋಡಿ, ಇಲ್ಲ, ಮೆತ್ತಗಾಗಿಲ್ಲ ಎಂದುಕೊಂಡೆ. ಕಟುಕನ ಹತ್ತಿರವಿದ್ದುದರಲ್ಲೆಲ್ಲ ದೊಡ್ಡದು, ನನ್ನ ಮುಂಗೈಯಷ್ಟು ದಪ್ಪ.

“ಇದು ಅವನಿಗೆ,” ಎಂದಳು. “ಅವಮಾನವೂ ದೊಡ್ಡದಾಗೇ ಇರಲಿ.”

ಬರುವ ದಿನ ಬಂತು. ನಾನು ಅಡಿಗೆಮನೆಯಲ್ಲಿ ಕೋಸು ಸೀಳುತ್ತಿದ್ದೆ. ಸಾರು ಆವತ್ತು ಹೇಗಿತ್ತೆಂದರೆ, ಹಗೆಯನ್ನು ಇಷ್ಟು ರುಚಿಯಾಗಿ ಬೇಯಿಸಬಹುದೇ ಎಂದು ನನಗೇ ಸೋಜಿಗ. ಕಾಳುಮೆಣಸಿನ ಘಮ ರಸ್ತೆಯವರೆಗೆ ಹೋಗಿತ್ತು. ಮಾಂಸ ಬೆರಳು ತಾಕಿದರೆ ಬಿಡುತ್ತಿತ್ತು. ಕೊನೆಯಲ್ಲಿ ಲಿಗಾಯಾ ಆ ದೊಡ್ಡ ಮೂಳೆಯನ್ನು ಇಕ್ಕಳದಲ್ಲಿ ಎತ್ತಿ, ಬಿದಿರುಕಡ್ಡಿ ಆಡಿಸಿ, ಮಜ್ಜೆಯನ್ನೆಲ್ಲ ಒಂದು ಚಿಕ್ಕ ಬಟ್ಟಲಿಗೆ ಜಾರಿಸಿದಳು. ಬಿಳಿಯ ಮಜ್ಜೆ ನಡುಗುತ್ತ ಬಿತ್ತು. ಬಟ್ಟಲಿಗೆ ತಟ್ಟೆ ಮುಚ್ಚಿ ಗೂಡಿನಲ್ಲಿಟ್ಟಳು.

“ಅವರು ಎದ್ದು ಹೋದ ಮೇಲೆ ನಾನು ತಿಂತೀನಿ. ಕೂತು ತಿಂತೀನಿ,” ಎಂದಳು.

ಬಂದವರು ಮೂವರೇ. ಹುಡುಗ ಮಾರ್ವಿನ್ ಬಾಗಿಲಲ್ಲೇ ಮಾಂಗ್ ತೆಬಾನ್‌ನ ಕೈಯನ್ನು ಆಶೀರ್ವಾದಕ್ಕಾಗಿ ಹಣೆಗೆ ಒತ್ತಿಕೊಂಡ. ಅಬ್ನೆರ್‌ಗೆ ಕೂದಲು ಉದುರಿ, ಬೆನ್ನು ಬಾಗಿತ್ತು. ಇಷ್ಟು ವರ್ಷ ಲಿಗಾಯಾ ಶಪಿಸಿದ್ದು ಬೇರೆ ಯಾರನ್ನೋ ಎಂಬಷ್ಟು ಬದಲಾಗಿದ್ದ. ಲುಮಿಂಗ್ ಹೊಲಿಗೆಯಂತ್ರಕ್ಕೆ ಬಗ್ಗಿ ಬಗ್ಗಿ ಕಣ್ಣು ಕಿರಿದಾದ ಹೆಂಗಸು. ತಾನೇ ಮಾಡಿದ ಅಕ್ಕಿ ಸಿಹಿಯ ಬುಟ್ಟಿಯನ್ನು ನೇರ ಅಡಿಗೆಮನೆಗೆ ತಂದು ಲಿಗಾಯಾಳ ಕೈಗೇ ಕೊಟ್ಟಳು.

“ಸುವಾಸನೆ ಹಿಡ್ಕೊಂಡೇ ಮನೆ ಪತ್ತೆ ಮಾಡಿದ್ವಿ,” ಎಂದಳು. ಲಿಗಾಯಾ ಬುಟ್ಟಿಯನ್ನು ಮೂಲೆಗಿಟ್ಟು ಒಲೆಯ ಕಡೆ ತಿರುಗಿದಳು.

ಬಟ್ಟಲುಗಳು ಹೊರಗೆ ಹೋದವು. ಮುದುಕನಿಗೆ ತುಂಬಿದ ಮೂಳೆ, ಗಂಡಿಗೂ ಅವನಮ್ಮನಿಗೂ ತುಂಬಿದ ಮೂಳೆ, ಅಬ್ನೆರ್ ಮುಂದೆ ಆ ದೊಡ್ಡದು. ಬಟ್ಟಲಿನ ಎರಡೂ ಬದಿಗೆ ಕೊಂಬಿನಂತೆ ಚಾಚಿಕೊಂಡಿತ್ತು. ಲಿಗಾಯಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅವಳ ಬೆನ್ನ ಹಿಂದೆ ನಾನು.

ಅಬ್ನೆರ್ ಮೂಳೆಯನ್ನು ನೋಡಿದ. ನೋಡಿ ಮುಗುಳ್ನಕ್ಕ. “ಅಯ್ಯೋ, ಇಷ್ಟು ದೊಡ್ಡದು ನನಗ್ಯಾಕೆ? ಮನೆ ಹಿರಿಯರಿರುವಾಗ,” ಎಂದು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಮಾಂಗ್ ತೆಬಾನ್ ಮುಂದಿಟ್ಟು, ಅವನದನ್ನು ತನ್ನ ಕಡೆ ಎಳೆದುಕೊಂಡ.

ಲಿಗಾಯಾಳ ಕೈ ನನ್ನ ತೋಳನ್ನು ಹಿಸುಕಿತು. ದೊಡ್ಡ ಮೂಳೆ ಹಿರಿಯರದು ಎಂಬುದು ಹುಟ್ಟಿದಾಗಿನಿಂದ ಬಡಿಸುತ್ತ ಬಂದವಳಿಗೇ ಮರೆತುಹೋಗಿತ್ತು. ದ್ವೇಷ ಕಣ್ಣಿಗೆ ಹತ್ತಿದರೆ ಹೀಗೇ, ಮನೆಯ ಪದ್ಧತಿಯೇ ಕಾಣುವುದಿಲ್ಲ.

ಮುದುಕನಿಗೆ ಬಟ್ಟಲು ಬದಲಾದದ್ದು ಗೊತ್ತಾಗಿರಬೇಕು, ಆದರೆ ಕೈಗೆ ಸಿಕ್ಕಿದ ಮೂಳೆಯ ಗಾತ್ರಕ್ಕೆ ವಿವೇಕ ಹಾರಿಹೋಯಿತು. ಎತ್ತಿ ಕುಟ್ಟಿದ. ಟಕ್ ಟಕ್. ಏನೂ ಬೀಳಲಿಲ್ಲ. ತಿರುಗಿಸಿ ಕುಟ್ಟಿದ. ಎಲ್ಲರೂ ಊಟ ಬಿಟ್ಟು ನೋಡತೊಡಗಿದರು. ಬಾಯಿಗಿಟ್ಟು ಹೀರಿದ, ಗಾಳಿಯ ಸಿಳ್ಳೆ ಬಂತು. ವಿಲ್ಮಾ ತಡೆಯಲಾರದೆ ಕಿಸಕ್ಕೆಂದಳು.

ಅಬ್ನೆರ್ ಮಾತ್ರ ನಗಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಬಾಗಿಲ ಕಡೆ ತಿರುಗಿದ.

“ಅದು ನನ್ನ ಬಟ್ಟಲು. ಇದು ಎರಡನೇ ಸಲ, ಲಿಗಾಯಾ. ಒಂದು ಸಲ ಸಾಕಾಗಿರಲಿಲ್ವಾ ನಿನಗೆ?”

“ಎರಡನೇ ಸಲ?”

“ಅವತ್ತೂ ಹೀಗೇ. ನಮ್ಮಮ್ಮ ಪಕ್ಕದಲ್ಲೇ ಕೂತಿದ್ಲು. ನಾನು ಕುಟ್ತಾನೇ ಇದ್ದೆ, ಮೂರ್ಖನ ಹಾಗೆ. ಅವಳೇ ಕೈ ಹಿಡಿದು ಎಬ್ಬಿಸಿದ್ಲು. ಸಾರು ಮಾಡಿದವಳು ನೀನು, ನಿನಗೇ ಬೇಡವಾಗಿರೋವಾಗ ಇನ್ನೇನು ಕೇಳೋದು ಅಂತ ಹೋದ್ವಿ.”

ಲಿಗಾಯಾ ಮೇಜಿನ ಹತ್ತಿರ ಬಂದಳು. “ನಾನು ಹಾಕಿದ್ದು ತುಂಬಿದ ಮೂಳೆ. ನನ್ನ ಕೈಯಾರೆ ಹಾಕಿದ್ದೆ. ಅವತ್ತು ಅಮ್ಮ ಹಾಸಿಗೆಯಲ್ಲಿದ್ಲು. ಅಣ್ಣ ಊರಲ್ಲಿರಲಿಲ್ಲ. ನನಗೆ ಅಡಿಗೆಮನೆ ಬಿಟ್ಟು ಬರಬೇಡ ಅಂದ್ರು.” ಮಾತು ನಿಧಾನವಾಯಿತು. “ಬಟ್ಟಲು ಹೊತ್ಕೊಂಡು ಬಂದಿದ್ದು ಅಪ್ಪ.”

“ಸಾರು ಆರ್ತಾ ಇದೆ. ಉಣ್ಣಿ,” ಎಂದ ಮಾಂಗ್ ತೆಬಾನ್.

“ಅವನಿಗೆ ಅರ್ಥ ಆಗ್ತದೆ ಅಂದ್ರಲ್ಲಪ್ಪ ನೀವು. ಹೇಗೆ ಗೊತ್ತಿತ್ತು ನಿಮಗೆ, ಅವನಿಗೆ ಅರ್ಥ ಆಗ್ತದೆ ಅಂತ?”

ಮುದುಕ ಮೂಳೆಯನ್ನು ಕೆಳಗಿಟ್ಟ. ನಾಚಿಕೊಂಡ ಎಂದುಕೊಂಡಿರಾ? ನಾಚುವ ಜಾತಿಯಲ್ಲ ಅದು.

“ಹೌದು, ತೆಗೆದೆ. ಏನೀಗ? ನಿಮ್ಮಮ್ಮ ಏಳೋ ಹಾಗಿರಲಿಲ್ಲ. ನೀನೂ ಹೋಗಿದ್ರೆ ಒಲೆ ಹಚ್ಚೋರು ಯಾರು? ಆ ಒಲೆಯಿಂದಲ್ವಾ ನಿಮ್ಮಣ್ಣ ಮದುವೆಯಾಗಿದ್ದು, ಈ ಮನೆಗೆ ತಗಡಿನ ಮಾಡು ಬಂದಿದ್ದು?”

“ಮಜ್ಜೆ ಏನು ಮಾಡಿದ್ರಿ?”

“ಏನು ಮಾಡ್ತಾರೆ? ತಿಂದೆ. ಬಿಸಾಕೋಕಾಗ್ತದಾ?”

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಅದು ಕಣ್ಣೆದುರಿಗೇ ನಡೆಯುತ್ತಿದ್ದರೂ ನನಗೆ ನಗು ಬರಲಿಲ್ಲ. ಲೈರಾ ಅಳುತ್ತಿದ್ದಳು. “ಇವತ್ತಿನದು ತೆಗೆದಿದ್ದು ಯಾರು, ಅತ್ತೆ? ನೀವಾ?”

“ನಾನೇ,” ಎಂದಳು ಲಿಗಾಯಾ. “ಅಜ್ಜ ಹೇಳಿದ್ರು. ನಾನು ಮಾಡಿದೆ.”

“ನನ್ನ ದಿನ ಅತ್ತೆ ಇದು. ನನ್ನದು!”

ಲಿಗಾಯಾ ಒಳಗೆ ಹೋದಳು. ಮುಗಿಯಿತು ಕಥೆ, ಬಂದವರು ಈಗ ಏಳುತ್ತಾರೆ ಎಂದುಕೊಂಡೆ. ಅಬ್ನೆರ್ ಕುರ್ಚಿ ಸರಿಸಿಯೂ ಇದ್ದ. ಅವಳು ಗೂಡಿನಿಂದ ಆ ಚಿಕ್ಕ ಬಟ್ಟಲು ತಂದು, ತಟ್ಟೆ ತೆಗೆದು, ಮಜ್ಜೆಯನ್ನು ಲುಮಿಂಗ್‌ಳ ಅನ್ನದ ಮೇಲೆ ಸುರಿದಳು. ಒಂದು ಚೂರನ್ನೂ ಉಳಿಸಲಿಲ್ಲ.

“ತಿನ್ನಿ,” ಎಂದಳು. “ಮನಸ್ಸಿದ್ದರೆ ತಿನ್ನಿ. ಹುಡುಗಿ ಕೊಡ್ತೀವಿ. ಈ ಮನೆ ಮಾತು ಇದು.”

“ಮನೆ ಮಾತು ಆಡೋಕೆ ನೀನು ಯಾರು?” ಮುದುಕ ಊರುಗೋಲಿಗೆ ತಡಕಾಡಿದ. “ನಾನಿನ್ನೂ ಬದುಕಿದ್ದೀನಿ!”

“ಬದುಕಿರಿ, ಅಪ್ಪ,” ಎಂದಳು ಅವಳು. “ಬಹಳ ದಿನ ಬದುಕಿರಿ.”

ಆ ಮಾತಿನಲ್ಲಿ ಹರಕೆ ಎಷ್ಟು, ಶಾಪ ಎಷ್ಟು ಎಂದು ಯಾರಿಗೂ ಸಂಶಯ ಉಳಿಯಲಿಲ್ಲ. ರೋಮುಲೊ ತಲೆ ತಗ್ಗಿಸಿದ. ಲುಮಿಂಗ್ ಗಂಡನ ಅಂಗಿ ಹಿಡಿದು ಕೂರಿಸಿದಳು, ಮೀನಿನ ಉಪ್ಪುರಸದ ಬಟ್ಟಲಿಗೆ ಕೈ ಚಾಚಿ, ಮಜ್ಜೆಯ ಮೇಲೆ ಎರಡು ಹನಿ ಹಾಕಿಕೊಂಡು ತಿನ್ನತೊಡಗಿದಳು. ಆ ಹೆಂಗಸಿನ ಬಗ್ಗೆ ನನಗೆ ಅಂದಿನಿಂದ ಗೌರವ.

ಲೈರಾ ಅತ್ತೆಯ ಜೊತೆ ಕೆಲವು ದಿನ ಮಾತು ಬಿಟ್ಟಳು. ಲಿಗಾಯಾ ಕ್ಷಮೆ ಕೇಳಲೂ ಇಲ್ಲ, ಬೆಳಗಿನ ಕಾಫಿ ಬೆರೆಸಿ ಅವಳ ಹಾಸಿಗೆಯ ಬಳಿ ಇಡುವುದನ್ನು ತಪ್ಪಿಸಲೂ ಇಲ್ಲ. ಕಾಫಿ ಮೊದಲೆರಡು ದಿನ ಆರಿ ಹೋಯಿತು, ಆಮೇಲೆ ಲೋಟ ಖಾಲಿಯಾಗಿ ಹಿಂದಿರುಗಿತು. ಅಪ್ಪನ ಜೊತೆ ಮಾತ್ರ ಅವಳು ಮಾತು ಬಿಡಲಿಲ್ಲ. ಸ್ನಾನಕ್ಕೆ ನೀರು ಕಾಯಿಸಿದಳು, ಬಟ್ಟೆ ಒಗೆದಳು, ಕರೆದರೆ ಓಗೊಟ್ಟಳು. ಅದನ್ನು ನೋಡಿ ಬೀದಿಯವರು, ತಣ್ಣಗಾದಳು ಬಿಡಿ ಎಂದರು. ಬೀದಿಯವರಿಗೆ ಏನು ಗೊತ್ತು?

ಭಾನುವಾರ ನನ್ನನ್ನೂ ಊಟಕ್ಕೆ ಕರೆದಳು. ಎಂದಿನಂತೆ ಸಾರು ಘಮಘಮಿಸುತ್ತಿತ್ತು. ಮುದುಕ ಎಲ್ಲರಿಗಿಂತ ಮೊದಲೇ ಕೂತು, ಬಟ್ಟಲಿಗೆ ಕೈಯಿಟ್ಟು ಕಾಯುತ್ತಿದ್ದ. ಲಿಗಾಯಾ ಅವನಿಗೆ ಬಡಿಸಿದಳು. ಬಿಸಿ ಸಾರು, ಎರಡು ಎಸಳು ಕೋಸು. ಆಮೇಲೆ ಹಸಿರು ರವಿಕೆ ತೊಟ್ಟವಳು ಬಂದು, ಒಲೆಯ ಬಳಿ ಅಲ್ಲ, ಲೈರಾಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಲೈರಾ ಸ್ವಲ್ಪ ಸರಿದು ಜಾಗ ಮಾಡಿದಳು. ಲಿಗಾಯಾ ಆ ಮೇಜಿನ ಮುಂದೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುದುಕ ಬೆರಳಾಡಿಸಿ ಬಟ್ಟಲನ್ನೆಲ್ಲ ತಡಕಿದ.

“ಮೂಳೆ ಎಲ್ಲಿ?”

ಟಕ್ ಟಕ್ ಎಂದು ಸದ್ದಾಯಿತು. ಅವನು ಕತ್ತು ಸದ್ದಿನ ಕಡೆ ತಿರುಗಿಸಿದ. ಮತ್ತೊಮ್ಮೆ ಟಕ್, ಆಮೇಲೆ ಅನ್ನದ ಮೇಲೆ ಮಜ್ಜೆ ಮೆತ್ತಗೆ ಬಿದ್ದ ಸದ್ದು. ಆ ಸದ್ದು ಅವನಿಗಿಂತ ಚೆನ್ನಾಗಿ ಗುರುತಿಸುವವರು ಯಾರಿದ್ದಾರೆ?

“ಯಾರದು?” ಎಂದ. “ರೋಮುಲೊ, ನೀನಾ?”

“ನಾನಪ್ಪ,” ಎಂದ ರೋಮುಲೊ ದೂರದ ತುದಿಯಿಂದ, “ಇಲ್ಲಿದ್ದೀನಿ. ನನಗೂ ಸಾರೇ.”

ಮುದುಕನಿಗೆ ಅರ್ಥವಾಯಿತು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಮಗಳು ಕೂತಿರಬಹುದಾದ ಕಡೆಗೆ ಚಾಚಿದ.

“ಸ್ವಲ್ಪ ಹಾಕೆ, ಲಿಗಾಯಾ.”

ಅವಳು ಅವಸರ ಮಾಡಲಿಲ್ಲ. ಬಾಯಲ್ಲಿದ್ದುದನ್ನು ಅಗಿದು, ನುಂಗಿ, ಬೆರಳು ನೆಕ್ಕಿ, ಆಮೇಲೆ ಹೇಳಿದಳು.

“ತಿಂದೆ, ಅಪ್ಪ. ಬಿಸಾಕೋಕಾಗ್ತದಾ?”